ತಗಡು

ಕಂಡದ್ದು ಬೆಳಕೋ ತನ್ನ ಕಣ್ಣಿನ ಪೊರೆಯೋ ಎಂದು ಅಕ್ರಂ ಪಾಷಾನಿಗೆ ತಿಳಿಯಲಿಲ್ಲ. ಗಾರೆ ನೆಲದ ಮೇಲೆ ಮಗ್ಗುಲಾಗಿ ಮಲಗಿ, ಕೆನ್ನೆಗೆಲ್ಲ ಗ್ರೀಸು ಮೆತ್ತಿಕೊಂಡು, ಮೋಟರನ್ನೂ ಪಂಪನ್ನೂ ಕೂಡಿಸುವ ಕಪ್ಲಿಂಗಿನ ಎರಡು ಬಿಲ್ಲೆಗಳ ಮೇಲೆ ಉಕ್ಕಿನ ಪಟ್ಟಿಯೊಂದನ್ನು ಇಟ್ಟು ನೋಡುತ್ತಿದ್ದ. ಪಟ್ಟಿಯ ಆಚೆ ಕೈಯಾಳು ಕೆಂಪಸಿದ್ದಯ್ಯ ಬಲ್ಬು ಹಿಡಿದು ಕೂತಿದ್ದ. ಎರಡು ಬಿಲ್ಲೆಯೂ ಒಂದೇ ಮಟ್ಟದಲ್ಲಿದ್ದರೆ ಪಟ್ಟಿಯ ಅಡಿಯಲ್ಲಿ ಬೆಳಕು ನುಸುಳಬಾರದು. ಕೂದಲೆಳೆಯಷ್ಟು ನುಸುಳಿದರೂ ಮೋಟರು ಒಂದು ಕಡೆ ಪಂಪು ಒಂದು ಕಡೆ ಜಗ್ಗಾಡಿ, ನಡುವೆ ಸಿಕ್ಕ ಟೈರಿನ ತುಂಡುಗಳು ಸುಟ್ಟು ನಾರುತ್ತವೆ. ಬೆಳಿಗ್ಗೆ ಹಾಗೇ ಆಗಿ ಇಡೀ ವರ್ಕ್‌ಷಾಪು ಹೆಣ ಸುಟ್ಟ ಹಾಗೆ ನಾರಿತ್ತು. ಹಿಂದೆ ನಿಂತವರು ಈಗ ಕಪ್ಲಿಂಗನ್ನು ನೋಡುತ್ತಿಲ್ಲ, ತನ್ನ ಚಡ್ಡಿಯ ಹಿಂಭಾಗದ ತೇಪೆಯನ್ನು ನೋಡುತ್ತಿದ್ದಾರೆ ಎಂದು ಅವನಿಗೆ ಅನ್ನಿಸಿತು. ಹೆಂಡತಿ ಅಜೀಜಾ ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದಳು. ಗಂಡಸಿನ ಮರ್ಯಾದೆ ಊರಲ್ಲಿ ಎಷ್ಟೇ ದೊಡ್ಡದಿರಲಿ, ನೆಲಕ್ಕೆ ಬಿದ್ದು ಕೆಲಸ ಮಾಡುವಾಗ ಅದು ತೇಪೆಯಷ್ಟೇ ಅಗಲ.

"ಏನ್ ಮೇಸ್ತ್ರಿ, ನಿದ್ದೆ ಬಂದ್ಬುಡ್ತಾ?" ಎಂದು ಹಿಂದಿನಿಂದ ಆತಗೂರಿನ ಜವರಯ್ಯ ಕೇಳಿದ. ಆಲೆಮನೆ ಇಟ್ಟವನು. ಗಾಣದ ಕಬ್ಬಿಣದ ಉರುಳೆಯೊಳಗೆ ಶಾಫ್ಟು ಸವೆದು ಕಚ್ಚಿಕೊಂಡಿದೆ ಎಂದು ಗಾಡಿಯಲ್ಲಿ ಹೇರಿಕೊಂಡು ಮಂಡ್ಯಕ್ಕೆ ಬಂದು, ಬೆಳಗಿನಿಂದ ಕದಲದೆ ನಿಂತಿದ್ದ.

"ಮಲೀಕಂಡ್ರೆ ನಿನ್ ಮುಖವೇ ಕನಸಲ್ಲಿ ಬತ್ತದೆ ಅಂತ ಎಚ್ಚರವಾಗಿವ್ನಿ ಕಣಪ್ಪ," ಎಂದ ಅಕ್ರಂ ಪಾಷಾ. ಎಲ್ಲರೂ ನಕ್ಕರು. ನಗಿಸುವುದು ಅವನಿಗೆ ಕಷ್ಟದ ಕೆಲಸವೇ ಆಗಿರಲಿಲ್ಲ. ಬಾಯಿ ತೆರೆದರೆ ತಾನಾಗಿ ಬೀಳುತ್ತಿತ್ತು. ನಗು ನಿಲ್ಲುವುದರೊಳಗೆ ಅವನು ಮತ್ತೊಮ್ಮೆ ಪಟ್ಟಿಯ ಅಡಿಗೆ ಕಣ್ಣಿಟ್ಟ. ಅದೇ ಮಂಜು. ಅದರೊಳಗೆ ಅದೇ ಬಿಳಿ ಗೆರೆ. ಗೆರೆ ಪಂಪಿನದಾದರೆ ತಾನು ಮೂರ್ಖ. ಗೆರೆ ಕಣ್ಣಿನದಾದರೆ ತಾನು ಮುಗಿದ. ಎರಡರಲ್ಲಿ ಯಾವುದಾದರೆ ವಾಸಿ ಎಂದು ಲೆಕ್ಕ ಹಾಕುತ್ತ ಮಲಗಿದ್ದವನಿಗೆ ಮೂರ್ಖನಾಗುವುದೇ ಮೇಲು ಅನ್ನಿಸಿತು. ಆದರೆ ಯಾವ ಥರದ ಮೂರ್ಖ ಎಂಬುದು ನೆನಪಾಗಿ ಪಟ್ಟಿಯನ್ನು ಪಕ್ಕಕ್ಕೆ ಸರಿಸಿದ.

ಯಂತ್ರ ಎಂದರೆ ಎಣ್ಣೆಯ ಪ್ರೆಸ್ಸು. ಪಂಪು ಎಣ್ಣೆಯನ್ನು ಒತ್ತಿದರೆ, ಎಣ್ಣೆ ಉಕ್ಕಿನ ಕಂಬವನ್ನು ಒತ್ತಿದರೆ, ಆ ಕಂಬ ಎಂಥಾ ಕಚ್ಚಿದ ಶಾಫ್ಟನ್ನೂ ಉರುಳೆಯಿಂದ ಆಚೆಗೆ ನೂಕುತ್ತಿತ್ತು. ಮಂಡ್ಯದ ರೈಲು ಗೇಟಿನ ಹತ್ತಿರ ಮಹದೇವಯ್ಯ ವರ್ಕ್‌ಷಾಪು ತೆಗೆದು ನಾಲ್ಕು ಜನ ಗೌಡರ ನಡುವೆ ಕಾಲು ಮೇಲೆ ಕಾಲು ಹಾಕಿ ಕೂರುವಂತಾದದ್ದು ಈ ಪ್ರೆಸ್ಸಿನಿಂದಲೇ. ಹಳೇ ಪಂಪು ಸೀಳು ಬಿಟ್ಟಿತು. ಯುದ್ಧ ಮುಗಿದು, ಮಿಲಿಟರಿಯವರು ಬೆಂಗಳೂರಿನಲ್ಲಿ ಕಂಡದ್ದನ್ನೆಲ್ಲ ಹರಾಜು ಹಾಕುತ್ತಿದ್ದ ಕಾಲ. ಮಹದೇವಯ್ಯ ಅಲ್ಲಿಂದ ಬೇರೊಂದು ಪಂಪು ತಂದ. ಹೊಸದರ ಕಾಲುಗಳು ಹಳೆಯದಕ್ಕಿಂತ ಗಿಡ್ಡ. ಕಾಲಿನ ಅಡಿಗೆ ತೆಳ್ಳನೆಯ ತಗಡು ಕತ್ತರಿಸಿ ಇಟ್ಟು, ಪಂಪನ್ನು ಮೋಟರಿನ ಮಟ್ಟಕ್ಕೆ ಎತ್ತಿ, ಬೋಲ್ಟು ಬಿಗಿಯಬೇಕು. ಅಕ್ರಂ ಪಾಷಾನಿಗೆ ಇದು ಮೀಸೆ ತೀಡಿಕೊಂಡಷ್ಟು ಸುಲಭ. 'ಪಾಷಾನ ಕಣ್ಣಿದ್ರೆ ಅಳತೆ ಗೇಜು ಯಾಕ್ಲಾ' ಎಂಬ ಮಾತು ಮದ್ದೂರು ಮಳವಳ್ಳಿಯವರೆಗೂ ಹಬ್ಬಿತ್ತು. ಹಬ್ಬಿಸಿದವನು ಅವನೇ. ಈಗ ಎರಡು ಸಲ ಬಿಗಿದು ಎರಡು ಸಲವೂ ರಬ್ಬರು ಸುಟ್ಟಿತ್ತು. "ಇವತ್ತು ಸಂಜೆ ಒಳಗೆ ಓಡ್ನಿಲ್ಲ ಅಂದ್ರೆ ಬೆಂಗಳೂರಿಂದ ಫಿಟ್ಟರ್ ಕರೆಸ್ತೀನಿ. ಇಲ್ಲೇ ಇಟ್ಕೋತೀನಿ," ಎಂದಿದ್ದ ಮಹದೇವಯ್ಯ, ಬೇಜಾರಿನಿಂದಲೇ. ಇಟ್ಟುಕೊಂಡ ಮೇಲೆ ಅವನು ಮೇಸ್ತ್ರಿ; ಬಲ್ಬು ಹಿಡಿಯುವವನು ಅಕ್ರಂ ಪಾಷಾ.

ಪಂಪಿನ ಹಿಂದಿನ ಎಡಗಾಲಿನ ಅಡಿಯಲ್ಲಿ, ಕತ್ತರಿಸಿ ಇಟ್ಟ ತಗಡುಗಳ ಮೇಲೆ, ಇನ್ನೊಂದು ತಗಡಿತ್ತು. ತಾಮ್ರದ್ದು. ಅದರ ಮೇಲೆ ಮೊಳೆಯಿಂದ ಗೀಚಿದ ಚೌಕ, ಚೌಕದೊಳಗೆ ಚೌಕ, ನಡುವೆ ಬೊಟ್ಟು, ಮೂಲೆಯಲ್ಲಿ ಅರಿಶಿನದ ದಾರದ ಗಂಟು. ಇಟ್ಟವನು ದೇವರು ದಿಂಡಿರ ಮಾತೆತ್ತಿದರೆ ನಗೆಯಾಡುವ ಅಕ್ರಂ ಪಾಷಾ.

ಅವನು ಯಾರನ್ನೂ ಬಿಟ್ಟವನಲ್ಲ. ತನ್ನ ಮೊಹಲ್ಲಾದಲ್ಲಿ ಮಗುವಿಗೆ ಜ್ವರ ಬಂದರೆ ದರ್ಗಾಕ್ಕೆ ಎತ್ತಿಕೊಂಡು ಓಡುವವರನ್ನು ಹಿಡಿದು ನಿಲ್ಲಿಸಿ, "ನವಿಲುಗರಿ ಗಾಳಿಗೆ ವಾಸಿಯಾಗೋದಾದ್ರೆ ನವಿಲಿಗೆ ಸಾವೇ ಬರಬಾರದಲ್ಲ" ಎನ್ನುತ್ತಿದ್ದ. ಇತ್ತ ಕೆಂಪಸಿದ್ದಯ್ಯನಂತೂ ಅವನ ಕೈಗೆ ಸಿಕ್ಕ ಹಬ್ಬದೂಟ. ಕೆಂಪಸಿದ್ದಯ್ಯ ಬೆಳಿಗ್ಗೆ ಬಂದವನೇ ಮನೆದೇವರು ಅಪ್ಪಾಜಿಯ ಹೆಸರೆತ್ತಿ ಲೇತಿಗೆ ಒಂದು ಗೆರೆ, ಕೊರೆಯುವ ಯಂತ್ರಕ್ಕೆ ಒಂದು ಗೆರೆ, ಪ್ರೆಸ್ಸಿಗೆ ಮೂರು ಗೆರೆ ಭಸ್ಮ ಬಳಿಯುತ್ತಿದ್ದ. "ಲೇ ಸಿದ್ದ, ಭಸ್ಮ ಬಿದ್ರೆ ಬೇರಿಂಗು ಸವೀತದೆ ಕಣ್ಲಾ. ನಿಮ್ಮಪ್ಪಾಜಿಗೆ ಗ್ರೀಸಿನ ಪವಾಡ ಕಲ್ತ್ಕೋ ಅಂತ ಯೋಳು." ಸಿದ್ದಯ್ಯ ಕೆನ್ನೆ ಕೆನ್ನೆ ಬಡಿದುಕೊಂಡು, "ತಪ್ಪಾಯ್ತು ಅನ್ನು ಪಾಷಣ್ಣ, ನಿನ್ ಪರವಾಗಿ ನಾನೇ ಅಂದ್ಬುಡ್ತೀನಿ ಬುಡು," ಎಂದು ಎರಡು ಸಲ ಅಂದುಬಿಡುತ್ತಿದ್ದ. ಮಿಲಿಟರಿ ಪಂಪು ಬಂದ ದಿನವೂ ಅವನೇ, "ಯಾವ್ಯಾವ ಸತ್ತೋರ ಕೈ ಮುಟ್ಟಿದ್ದೋ ಏನೋ, ಕೆಳಗೊಂದು ತಗಡು ಆಕ್ಸಣ್ಣ," ಎಂದಿದ್ದ. "ಆಕ್ದೆ ಇದ್ದೇನಾ? ಒಂದಲ್ಲ ಕಣ್ಲಾ, ಒಂದೊಂದು ಕಾಲಿಗೂ ಮೂರು ಮೂರು ಆಕ್ತೀನಿ. ಮಂತ್ರ ಇರಾಕಿಲ್ಲ, ಮಟ್ಟ ಇರ್ತದೆ," ಎಂದಿದ್ದ ಅಕ್ರಂ ಪಾಷಾ. ಆ ಮಾತಿಗೆ ಮಹದೇವಯ್ಯ ಕೂಡ ಎಲೆಯಡಿಕೆ ಉಗುಳಿಕೊಂಡು ನಕ್ಕಿದ್ದ. ಹಾಗೆ ನಗಿಸಿದ್ದು ತಗಡನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು. ಬೆವರಿಗೆ ಅದು ಎದೆಗೆ ಅಂಟಿಕೊಂಡಿತ್ತು.

ಎಲ್ಲ ಶುರುವಾದದ್ದು ಪೈಜಾಮದಿಂದ. ಓಣಿಯಲ್ಲಿ ಹೋಗುವಾಗ ಸುಲ್ತಾನ್ ಬೀ ಮನೆ ಮುಂದೆ ಬಿಳಿ ಬಟ್ಟೆಯಲ್ಲಿ ಹಕೀಮರು ನಿಂತಿದ್ದಾರೆಂದು ಕೈಯೆತ್ತಿ ಸಲಾಂ ಮಾಡಿ, ಆರೋಗ್ಯ ಹೇಗಿದೆ ಎಂದೂ ಕೇಳಿದ್ದ. ಒಳಗಿನಿಂದ ಸುಲ್ತಾನ್ ಬೀ, "ಭಾಯ್, ಅದು ಒಣಹಾಕಿದ ಪೈಜಾಮ. ಅದರೊಳಗೆ ಯಾರೂ ಇಲ್ಲ," ಎಂದಳು. "ಒಳಗೆ ಮನುಷ್ಯ ಇದ್ದಾಗ ಎಲ್ಲರೂ ಸಲಾಂ ಹೊಡೀತಾರೆ, ಖಾಲಿ ಪೈಜಾಮಕ್ಕೂ ಹೊಡೆಯೋನೇ ದೊಡ್ಡ ಮನುಷ್ಯ," ಎಂದು ಅವನು ಅಲ್ಲಿಗಲ್ಲಿಗೇ ತೇಪೆ ಹಾಕಿದ. ಓಣಿಯೆಲ್ಲ ನಕ್ಕಿತು. ಮನೆಗೆ ಬಂದು ಕೈ ಮುಂದೆ ಹಿಡಿದು ಬೆರಳುಗಳನ್ನು ನೋಡಿಕೊಂಡ. ಉಗುರಿನ ಅಂಚು ಎಲ್ಲಿ ಮುಗಿಯುತ್ತದೆ ಎಂದು ಗೊತ್ತಾಗಲಿಲ್ಲ. ಡಾಕ್ಟರ ಹತ್ತಿರ ಹೋದರೆ ಕನ್ನಡಕ ಕೊಡುತ್ತಾರೆ. ಮೂಗಿನ ಮೇಲೆ ಕನ್ನಡಕ ಕೂತ ದಿನ ಗೇಜಿಲ್ಲದ ಮೇಸ್ತ್ರಿಯ ಕಥೆ ಮುಗಿಯಿತು. ಇನ್ನೊಂದು ದಿನ ಅಜೀಜಾ ಅನ್ನದಲ್ಲಿ ಕಲ್ಲು ಸಿಕ್ಕಿತೆಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಆ ದಿನ ಅಕ್ಕಿ ಆರಿಸಿದವನು ಅವನು. ಹೇಳಲಿಲ್ಲ, ಬೈದುಕೊಳ್ಳಲಿ ಎಂದು ಬಿಟ್ಟ. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಮೊಹಲ್ಲಾದ ದರ್ಗಾಕ್ಕೆ ಹೋದರೆ ಮೊಹಲ್ಲಾಕ್ಕೆ ಗೊತ್ತಾಗುತ್ತದೆ. ಅದಕ್ಕೇ ಗಾಣ ರಿಪೇರಿಯ ನೆವ ಹೇಳಿ ಬಸ್ಸು ಹತ್ತಿ ಬೆಸಗರಹಳ್ಳಿಯ ಆಚೆ ಶಾಸ್ತ್ರ ಹೇಳುವ ದೇವೀರಮ್ಮನ ಗುಡಿಸಲಿಗೆ ಹೋದ. ಗಡ್ಡ ಕಾಣದಂತೆ ತಲೆಯಿಂದ ಗದ್ದದವರೆಗೆ ಟವಲು ಸುತ್ತಿಕೊಂಡಿದ್ದ, ಹಲ್ಲುನೋವಿನವನ ಹಾಗೆ. ಮುದುಕಿ ಅಡಿಕೆ ಕುಟ್ಟುವುದನ್ನು ನಿಲ್ಲಿಸದೆ, "ಯಾರ ಮಗ?" ಎಂದಳು. ಬಾಯಿಗೆ ಬಂದದ್ದು, "ಮಾದಯ್ಯನ ಮಗ." ಮಳವಳ್ಳಿಯ ಓಣಿಗಳಲ್ಲಿ ತಿದಿ ಒತ್ತಿ ಪಾತ್ರೆಗೆ ಕಲಾಯಿ ಹಾಕಿ ಇವನನ್ನು ಸಾಕಿದ ಅಪ್ಪ ಜಲಾಲ್ ಸಾಬ್, ಗೋರಿಯೊಳಗೆ ಮಲಗಿದಲ್ಲೇ ಮಾದಯ್ಯನಾಗಿಬಿಟ್ಟರು. ಕಣ್ಣಿನ ಮಂಜಿನ ಮಾತು ಕೇಳಿ ದೇವೀರಮ್ಮ ತಗಡು ಗೀಚಿ, ಹರಳೆಣ್ಣೆ ಸವರಿ, ಬೂದಿ ಉದುರಿಸಿ ಕೈಗಿಟ್ಟು, "ನಿನ್ ಕಣ್ಣು ಎಲ್ಲಿ ಗೇಯ್ತದೋ ಅಲ್ಲಿ ಮಡಗು," ಎಂದಳು. ಅವನು ಎದ್ದು ಹಣೆಗೆ ಕೈ ತಾಗಿಸಿ ಸಲಾಂ ಮಾಡಿದ. "ಮಾದಯ್ಯನ ಮಗ ಕೈ ಮುಗೀತಾನೆ ಕಣಪ್ಪ," ಎಂದಳು ಮುದುಕಿ, ಬೊಚ್ಚು ಬಾಯಲ್ಲಿ ನಗುತ್ತಾ. ದಾರಿಯುದ್ದಕ್ಕೂ ಅವನ ಕಿವಿ ಸುಡುತ್ತಿತ್ತು. ತಗಡನ್ನು ಎಸೆಯಬೇಕೆಂದು ಹಳ್ಳ ಸಿಕ್ಕಾಗಲೆಲ್ಲ ಅಂದುಕೊಂಡ. ಪಂಪಿನ ಕಾಲು ಎತ್ತಿದ ಗಳಿಗೆಯಲ್ಲಿ, ಯಾರೂ ನೋಡದಾಗ, ಅದನ್ನು ತೆಗೆದು ಇಟ್ಟೇಬಿಟ್ಟ. ಇದೂ ತಗಡು, ಅದೂ ತಗಡು, ಹೇಗೂ ಒಂದು ಕಮ್ಮಿ ಬಿದ್ದಿತ್ತು ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡ. ಮೂವತ್ತು ವರ್ಷ ಕಬ್ಬಿಣದ ಜೊತೆ ಬಾಳಿದವನು ದಾರದ ಗಂಟಿಗೂ ದಪ್ಪವಿದೆ ಎಂಬುದನ್ನು ಮರೆತ.

ಮಹದೇವಯ್ಯ ಬಂದ ಸದ್ದಾಯಿತು. ಮೆಟ್ಟು ಮೊದಲು ಬರುತ್ತಿತ್ತು, ಆಮೇಲೆ ಕೆಮ್ಮು, ಆಮೇಲೆ ಮಹದೇವಯ್ಯ. "ಎಂಗದೆ ಪಾಷಾ?"

"ಎತ್ತು ಏರಿಗೆಳೀತು, ಕ್ವಾಣ ನೀರಿಗೆಳೀತು ಅಂತದೆ," ಎಂದ ಜವರಯ್ಯ, ಕೇಳದಿದ್ದರೂ.

"ನಾನೊಂದು ನಿಂಬೆಹಣ್ಣು..." ಎಂದು ಸಿದ್ದಯ್ಯ ಬಲ್ಬಿನ ಹಿಂದಿನಿಂದ ಬಾಯಿ ಹಾಕಿದ.

"ನೀನು ಬಲ್ಬು ಇಡ್ಕೊಳ್ಳೋ. ನಿಂಬೆಹಣ್ಣಂತೆ," ಎಂದು ಮಹದೇವಯ್ಯ ಗದರಿದ.

ಇನ್ನು ಉಳಿದದ್ದು ಒಂದೇ ಪರೀಕ್ಷೆ. ಅದನ್ನು ಅಕ್ರಂ ಪಾಷಾ ಬೆಳಗಿನಿಂದ ಮುಂದೂಡುತ್ತ ಬಂದಿದ್ದ. ಕಣ್ಣು ಮುಚ್ಚಿಕೊಂಡ. ಹಿಂದಿನ ಎಡಗಾಲು ಪೀಠಕ್ಕೆ ಕೂರುವ ಸಂದಿಯ ಮೇಲೆ ಹೆಬ್ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಪಾನಾ ಹಿಡಿದು ಆ ಬೋಲ್ಟನ್ನು ಸಡಿಲಿಸಿದ. ಕಾಲು ಸರಿಯಾಗಿ ಕೂತಿದ್ದರೆ ಬೋಲ್ಟು ಬಿಟ್ಟರೂ ಕದಲಬಾರದು. ಹೆಬ್ಬೆರಳಿನ ಕೆಳಗೆ ಕಬ್ಬಿಣ ಟಕ್ಕೆಂದು ಎದ್ದು ನಿಂತಿತು, ಒಂದು ಕಾಲು ಗಿಡ್ಡವಿರುವ ಮಂಚದಲ್ಲಿ ಮಗ್ಗುಲು ಬದಲಾಯಿಸಿದಾಗ ಏಳುವ ಹಾಗೆ. ಅಂದರೆ ಬಿಗಿದಾಗ ಪಂಪು ತಿರುಚಿಕೊಳ್ಳುತ್ತಿದೆ. ಬಿಗಿಯುವ ಮುಂಚೆ ಅವನು ನೋಡಿದ ಮಟ್ಟ ಸರಿಯಾಗಿಯೇ ಇತ್ತು. ಬಿಗಿದ ಮೇಲೆ ಕಂಡ ಗೆರೆಯೂ ನಿಜವಾದ ಗೆರೆಯೇ. ಕಣ್ಣು ಮಸುಕಾಗಿತ್ತು, ಸುಳ್ಳಾಗಿರಲಿಲ್ಲ. ಸಂತೋಷಕ್ಕೆ ಎದ್ದು ಜವರಯ್ಯನನ್ನು ತಬ್ಬಿಕೊಳ್ಳೋಣ ಅನ್ನಿಸಿತು. ಮರುಕ್ಷಣ, ಪಂಪನ್ನು ಇಷ್ಟು ಜನರ ಮುಂದೆ ಎತ್ತಬೇಕಲ್ಲ ಎಂಬುದು ಹೊಳೆಯಿತು.

"ಸಿಕ್ತು," ಎಂದು ಎದ್ದು ಕೂತ. "ಈ ಕಾಲು ಕೂತಿಲ್ಲ. ಒಂದು ಗಳಿಗೆ ಕೆಲಸ. ನೀವೆಲ್ಲ ಕಾಫಿ ಕುಡ್ಕಂಡು ಬನ್ನಿ."

ಯಾರೂ ಹೋಗಲಿಲ್ಲ. ಬೇರೆ ದಿನ ಕಾಫಿ ಎಂದರೆ ಹಣೆಯ ಬೆವರೂ ಒರೆಸದೆ ಓಡುವವರು, ಇವತ್ತು ಇನ್ನೂ ಹತ್ತಿರ ಬಂದು ನಿಂತರು. "ನನ್ ಉರುಳೆ ಇಲ್ಲಿ ಬುಟ್ಟು ಎಲ್ಲಿಗೋಗ್ಲಿ?" ಎಂದ ಜವರಯ್ಯ. ಅಕ್ರಂ ಪಾಷಾ ಬೆನ್ನನ್ನು ಗೋಡೆಯಂತೆ ಅಡ್ಡ ಮಾಡಿ, ಕಾಲನ್ನು ಸನ್ನೆಕೋಲಿನಿಂದ ಮೀಟಿ, ಗರಗಸದ ಅಲಗಿನ ತುದಿಯಿಂದ ತಾಮ್ರವನ್ನು ಒಳಗೊಳಗೇ ಎಳೆಯಲು ನೋಡಿದ. ಹರಳೆಣ್ಣೆ ಬೂದಿಯ ಜೊತೆ ಸೇರಿ ಗೋಂದಾಗಿತ್ತು. ಬರಲಿಲ್ಲ. ಜೋರಾಗಿ ಎಳೆದ. ಅದು ಪುಸಕ್ಕನೆ ಜಾರಿ ಅವನ ಕೈಯನ್ನೂ ಮೀರಿ ನೆಲದ ಮೇಲೆ ಬಂದು ಬಿತ್ತು, ಅರಿಶಿನದ ದಾರದ ಸಮೇತ.

"ಅದೇನ್ಲಾ ಅದು ಕೆಂಪಗೆ?" ಎಂದ ಜವರಯ್ಯ.

ಮಹದೇವಯ್ಯ ಬಗ್ಗಿ ಎತ್ತಿಕೊಂಡ. ತಿರುಗಿಸಿ ನೋಡಿದ, ಮೂಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಅಕ್ರಂ ಪಾಷಾನ ಕೈ ತಾನಾಗಿ ಅಂಗಿಯ ಒಳಜೇಬಿನ ಮೇಲೆ ಹೋಯಿತು. ಆದರೆ ಅವನ ಕಡೆ ಯಾರೂ ನೋಡುತ್ತಿರಲಿಲ್ಲ. ಎಲ್ಲರೂ ಕೆಂಪಸಿದ್ದಯ್ಯನ ಕಡೆ ತಿರುಗಿದ್ದರು.

"ಏನ್ಲಾ ಇದು?" ಮಹದೇವಯ್ಯ ತಗಡನ್ನು ಅವನ ಮುಖಕ್ಕೆ ಹಿಡಿದ. "ಮೂರು ದಿನದಿಂದ ನನ್ ಪ್ರೆಸ್ಸು ಹೆಣದಂಗೆ ಬಿದ್ದದೆ, ನಿನ್ ತಗಡು ಇದರ ಕೆಳಗೆ ಕೂತಿದ್ದದಾ?"

"ನಾನಲ್ಲ ಬುದ್ಧಿ."

"ಇನ್ಯಾರು, ಪಾಷಾನಾ?"

ಈ ಮಾತಿಗೇ ನಗು ಎದ್ದಿತು. ಸಿದ್ದಯ್ಯ ಬಲ್ಬನ್ನು ಕೆಳಗಿಡುವುದನ್ನೂ ಮರೆತು, ಹಗಲು ಬೆಳಕಿನಲ್ಲಿ ಅದನ್ನು ಎತ್ತಿ ಹಿಡಿದುಕೊಂಡೇ, "ಅಪ್ಪಾಜಿ ಆಣೆಗೂ ನಾನಲ್ಲ ಬುದ್ಧಿ. ನಾನು ಭಸ್ಮ ಬಳೀತೀನಿ, ದಿಟ. ಒಳಗೆಲ್ಲ ಕೈ ಆಕಾಕಿಲ್ಲ," ಎಂದ. ಮೊದಲ ಕ್ಷಣ ಅಕ್ರಂ ಪಾಷಾನಿಗೆ ಆದದ್ದು ಸಮಾಧಾನ. ಬೆನ್ನ ಮೇಲಿಂದ ಅಕ್ಕಿಮೂಟೆ ಇಳಿಸಿದಂಥ ಸಮಾಧಾನ. ಅದರ ಹಿಂದೆಯೇ, ಕಲ್ಲು ಸಿಕ್ಕಿತೆಂದು ಬೈದುಕೊಳ್ಳುತ್ತಿದ್ದ ಅಜೀಜಾಳ ಮುಖ ಕಂಡಿತು. ಮಹದೇವಯ್ಯ, "ನಾಳೆಯಿಂದ ಈ ಕಡೆ ಕಾಲಿಕ್ಬ್ಯಾಡ. ಓಗು," ಎನ್ನುತ್ತಿದ್ದ. ಸಿದ್ದಯ್ಯ ಯಜಮಾನನ ಕಡೆ ನೋಡುತ್ತಿರಲಿಲ್ಲ. ಅಕ್ರಂ ಪಾಷಾನ ಕಡೆ ನೋಡುತ್ತಿದ್ದ. ಇನ್ನು ಬೀಳುವುದು ಅವನ ನಗೆಮಾತು ಎಂದು ಗೊತ್ತಿದ್ದವನ ಹಾಗೆ ಕುತ್ತಿಗೆ ಒಳಗೆಳೆದುಕೊಂಡಿದ್ದ. ಉಳಿದವರು ಬಾಯಿ ಅರೆತೆರೆದು ಅದನ್ನೇ ಕಾಯುತ್ತಿದ್ದರು. ಅಷ್ಟು ಜನ ತನ್ನ ಮಾತಿಗೆ ಕಾಯುವುದು ಒಂದು ಕಾಲಕ್ಕೆ ಅವನಿಗೆ ಊಟಕ್ಕಿಂತ ರುಚಿಯಾಗಿತ್ತು.

"ಅವನಲ್ಲ," ಎಂದ ಅಕ್ರಂ ಪಾಷಾ. "ನಾನು ಮಡಗಿದ್ದು."

ಜವರಯ್ಯ ನಗುತ್ತ ಪಕ್ಕೆ ಹಿಡಿದುಕೊಂಡ.

"ನಿಜ ಕಣ್ರಪ್ಪಾ. ಬೆಸಗರಳ್ಳಿ ತಾವ ದೇವೀರಮ್ಮ ಅಂತ ಅವ್ಳೆ. ತಲೆಗೆ ಟವಲ್ ಸುತ್ಕಂಡು ಓಗಿದ್ದೆ." ನಗು ಜೋರಾಯಿತು. "ಯಾರ ಮಗ ಅಂದ್ಲು. ಮಾದಯ್ಯನ ಮಗ ಅಂದೆ." ಲೇತಿನ ಹತ್ತಿರ ನಿಂತಿದ್ದವನೊಬ್ಬ ನೆಲಕ್ಕೇ ಕೂತುಬಿಟ್ಟ. ಮಹದೇವಯ್ಯ ಹೆಗಲವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತ, "ಮಾದಯ್ಯನ ಮಗ!" ಎಂದು ತಾನೂ ಒಂದು ಸಲ ಹೇಳಿ ನೋಡಿದ. "ನಂಗೆ ಕಣ್ಣು ಮಂಜಾಯ್ತಾ ಅದೆ ಯಜಮಾನ್ರೇ. ಎದರಿಕೆ ಆಯ್ತು," ಎಂದ ಅಕ್ರಂ ಪಾಷಾ. ಅಳು ಬರುವುದರಲ್ಲಿತ್ತು. ಅವನ ಮುಖ ನೋಡಿದಷ್ಟೂ ಅವರಿಗೆ ನಗು ತಡೆಯಲಾಗಲಿಲ್ಲ. ಇಂಥ ಮುಖ ಮಾಡಿಕೊಂಡು ಇಂಥ ಮಾತಾಡಲು ಪಾಷಾನಿಂದ ಮಾತ್ರ ಸಾಧ್ಯ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ನಿಜವನ್ನು ಎಷ್ಟು ಬಿಡಿಸಿ ಹೇಳಿದನೋ ಅಷ್ಟೂ ಅದು ತಮಾಷೆಯಾಯಿತು. ಇಷ್ಟು ವರ್ಷ ಎಲ್ಲರನ್ನೂ ನಗಿಸಿದ ಬಾಯಿಗೆ ಬೇರೆ ಮಾತಾಡುವ ಹಕ್ಕು ಉಳಿದಿರಲಿಲ್ಲ.

"ಸಾಕು ಬುಡಯ್ಯ, ಒಟ್ಟೆ ನೋಯ್ತದೆ," ಎಂದ ಮಹದೇವಯ್ಯ. ಸಿಟ್ಟೆಲ್ಲ ನಗುವಿನಲ್ಲಿ ಸೋರಿಹೋಗಿತ್ತು. "ಲೇ ಸಿದ್ದ, ಇನ್ನೊಂದ್ಸಾರಿ ಇಂಗ್ ಮಾಡಿದ್ರೆ ಚರ್ಮ ಸುಲೀತೀನಿ. ಇಡ್ಕೋ ಬಲ್ಬು. ಪಾಷಾ, ಪಂಪು ಕೂರ್ಸು." ತಾಮ್ರದ ತಗಡನ್ನು ಕಸದ ಮೂಲೆಗೆ ಬಿಸಾಡಿದ.

ಪಂಪು ಕೂತಿತು. ಸರಿಯಾದ ತಗಡು ಕತ್ತರಿಸಿ ಇಟ್ಟು, ನಾಲ್ಕು ಕಾಲಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದು, ಪಟ್ಟಿ ಇಟ್ಟು ನೋಡಿದರೆ ಮಂಜಿತ್ತು, ಗೆರೆ ಇರಲಿಲ್ಲ. ಸ್ವಿಚ್ಚು ಹಾಕಿದಾಗ ಪಂಪು ಮಲಗಿದ ಹಸುವಿನ ಉಸಿರಿನಷ್ಟೇ ಸದ್ದು ಮಾಡಿತು. ಜವರಯ್ಯನ ಉರುಳೆಯನ್ನು ಪ್ರೆಸ್ಸಿಗೆ ಕೊಟ್ಟರು, ಎಣ್ಣೆ ಒತ್ತಿತು, ಕಚ್ಚಿದ ಶಾಫ್ಟು ಢಮ್ಮೆಂದು ಸದ್ದು ಮಾಡಿ ಆಚೆಗೆ ಬಂತು. ಜವರಯ್ಯ ಗಾಡಿ ಹೊಡೆದುಕೊಂಡು ಹೋಗುವಾಗಲೂ 'ಮಾದಯ್ಯನ ಮಗ' ಎಂದುಕೊಂಡು ನಗುತ್ತಿದ್ದುದು ರೈಲು ಗೇಟಿನವರೆಗೆ ಕೇಳಿಸಿತು. ಬೆಂಗಳೂರಿನ ಫಿಟ್ಟರ ಮಾತನ್ನು ಯಾರೂ ಎತ್ತಲಿಲ್ಲ.

ಅಕ್ರಂ ಪಾಷಾ ಕೈ ತೊಳೆಯಲು ತೊಟ್ಟಿಯ ಹತ್ತಿರ ಹೋದಾಗ ಕೆಂಪಸಿದ್ದಯ್ಯ ಕಸದ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ತಗಡನ್ನು ಹುಡುಕಿ ತೆಗೆದು, ಪಂಚೆಯ ಚುಂಗಿನಿಂದ ಗ್ರೀಸು ಒರೆಸುತ್ತಿದ್ದ.

"ಸಿದ್ದ," ಎಂದ ಅಕ್ರಂ ಪಾಷಾ. ಸುತ್ತ ಯಾರೂ ಇರಲಿಲ್ಲ. "ನಿಜವಾಗ್ಲೂ ನಾನೇ ಕಣ್ಲಾ."

"ಬುಡಣ್ಣ." ಸಿದ್ದಯ್ಯ ತಲೆಯೆತ್ತಲಿಲ್ಲ. "ನನ್ನ ಆಡ್ಕಂಡೆ, ಆಯ್ತು. ಅದ್ರಿಂದ ಕೆಲಸ ಉಳೀತು, ಅದೂ ಆಯ್ತು. ಇದನ್ನ ಯಾವನೋ ಪಾಪ, ರಾತ್ರಿಯೆಲ್ಲ ಎದ್ರಿಕಂಡು ತಂದು ಮಡಗವ್ನೆ. ಯೋಳ್ಕಳಾಕೂ ಆಗದೆ ನಿಂತಿದ್ದಾನು ನಮ್ಮೊಳಗೇ ಎಲ್ಲೋ." ತಗಡನ್ನು ಎರಡು ಕಣ್ಣಿಗೂ ಒತ್ತಿಕೊಂಡು ಸೊಂಟದ ಚೀಲಕ್ಕೆ ಹಾಕಿಕೊಂಡ. "ಅವನ್ನಾದ್ರೂ ಆಡ್ಕಬ್ಯಾಡ ಕಣಣ್ಣ."

"ಇಲ್ಲ," ಎಂದ ಅಕ್ರಂ ಪಾಷಾ.